ಕಣಕುಂಬಿ ದಾರಿಯ ‘ಸಫಾರಿ’ಗೆ ದುಡ್ಡು ಕಟ್ಟುವ ಮುನ್ನ

ಈ ಬರಹವನ್ನು ಮೂರು ಸಲ ಬರೆದು ಅಳಿಸಿದ್ದೇನೆ. ಮೂವತ್ತು ವರ್ಷ ಬ್ಯಾಂಕಿನ ಕೌಂಟರಿನಲ್ಲಿ ಕೂತು ಊರವರ ಸಹಿ ಸರಿಯಿದೆಯೇ ಎಂದು ಕಣ್ಣಿಟ್ಟು ನೋಡುತ್ತಿದ್ದವನು ಒಂದು ಜೆರಾಕ್ಸ್ ಚೀಟಿಗೆ ಮೋಸಹೋದೆನೆಂದು ಹೇಳಿಕೊಳ್ಳುವುದು ಸುಲಭವಲ್ಲ. ಅದರಲ್ಲೂ ಮೋಸಹೋದದ್ದು ಬೀಗರ ಎದುರಿಗೆ.

ಮಗನ ಮದುವೆಯಾದ ಮೇಲೆ ಬೀಗರು ಮತ್ತು ಬೀಗಿತ್ತಿ ಮೊದಲ ಸಲ ಬೆಳಗಾವಿಗೆ ಬಂದಿದ್ದರು. ಅವರದು ಬಾದಾಮಿ ತಾಲೂಕು, ಪಟ್ಟದಕಲ್ಲಿನ ಹತ್ತಿರ ಮಲಪ್ರಭೆಯ ದಂಡೆಯ ಮೇಲಿನ ಊರು. ಹುಟ್ಟಿದಾಗಿನಿಂದ ಆ ಹೊಳೆಯ ನೀರು ಕುಡಿದವರಾದ್ದರಿಂದ, ಅದು ಹುಟ್ಟುವ ಕಣಕುಂಬಿಯನ್ನು ಮಳೆಗಾಲದಲ್ಲಿ ಒಮ್ಮೆ ನೋಡಬೇಕೆಂಬುದೊಂದೇ ಅವರ ಆಸೆಯಾಗಿತ್ತು. ಬಸ್ಸಿಗೆ ಹೋಗಿದ್ದರೆ ಕೆಲಸ ಮುಗಿಯುತ್ತಿತ್ತು. ಬೀಗರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುವುದೇ ಎಂಬ ನನ್ನ ಒಣ ಪ್ರತಿಷ್ಠೆ ಅಡ್ಡ ಬಂತು.

ಪರಿಚಯದವರೊಬ್ಬರು ಕೊಟ್ಟ ನಂಬರಿಗೆ ಫೋನ್ ಮಾಡಿದೆ. ಬಾಡಿಗೆ ಕಾರೆಂದರೆ ಕಿಲೋಮೀಟರಿಗೆ ಇಷ್ಟು, ಚಾಲಕನ ಭತ್ತೆ ಇಷ್ಟು ಎಂದು ಮಾತಾಗುವುದು ಎಲ್ಲರಿಗೂ ತಿಳಿದದ್ದೇ. ಈ ಮನುಷ್ಯ ಕಿಲೋಮೀಟರಿನ ಮಾತೇ ಎತ್ತದೆ ‘ಪ್ಯಾಕೇಜ್’ ಎಂದ. ನನಗೆ ಆಗಲೇ ಅನುಮಾನ ಬರಬೇಕಿತ್ತು. ನಾಲ್ಕು ಜನಕ್ಕೆ ₹8,500, ಭೀಮಗಡ ಅಭಯಾರಣ್ಯದೊಳಗೆ ಸಫಾರಿಯ ಪರವಾನಗಿಗೆ ಪ್ರತ್ಯೇಕವಾಗಿ ₹1,600, ಗಾಡಿಗೆ ಠೇವಣಿ ₹2,000. ಜೊತೆಗೆ ಬಾರಾಪೇಡೆ ಗುಹೆಯ ಅಪರೂಪದ ಬಾವಲಿಗಳನ್ನೂ ತೋರಿಸುವುದಾಗಿ ಹೇಳಿದ. ಎಲ್ಲವನ್ನೂ ಮುಂಗಡವಾಗಿ ಫೋನಿನಲ್ಲೇ ಕಳಿಸಿದೆ. ಹೌದು, ಎಲ್ಲವನ್ನೂ.

ಬೆಳಿಗ್ಗೆ ಬಂದ ಕಾರಿನ ನಂಬರ್ ಪ್ಲೇಟು ಬಿಳಿಯದಾಗಿತ್ತು. “ಹಳದಿ ಬೋರ್ಡಿನ ಗಾಡಿ ಸರ್ವೀಸಿಗೆ ಬಿಟ್ಟೈತ್ರಿ ಸಾಹೇಬ್ರ, ಇದು ನಮ್ಮ ಮನಿ ಗಾಡೀನ,” ಎಂದ ಚಾಲಕ. ಖಾಸಗಿ ನೋಂದಣಿಯ ವಾಹನವನ್ನು ಬಾಡಿಗೆಗೆ ಓಡಿಸುವುದು ಕಾನೂನುಬಾಹಿರ ಮತ್ತು ಅಪಘಾತವಾದರೆ ವಿಮೆಯವರು ಕೈತೊಳೆದುಕೊಳ್ಳಬಹುದು ಎಂಬುದು ನನಗೆ ಗೊತ್ತಿತ್ತು. ಆದರೆ ಬೀಗರು ಆಗಲೇ ಹಿಂದಿನ ಸೀಟಿನಲ್ಲಿ ಕೂತಾಗಿತ್ತು, ಬೀಗಿತ್ತಿ ಬುತ್ತಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡಿದ್ದರು. ನಾನೂ ಹತ್ತಿದೆ.

ಜಾಂಬೋಟಿ ದಾಟಿ ಒಳದಾರಿಯೊಂದಕ್ಕೆ ತಿರುಗಿದಾಗ ಅರಣ್ಯ ಇಲಾಖೆಯ ಗೇಟು ಬಂತು. ಚಾಲಕ ಕಿಟಕಿಯ ಗಾಜಿಳಿಸಿ ಪರವಾನಗಿಯ ಚೀಟಿಯನ್ನು ಹೊರಗೆ ಚಾಚಿದ. ಧೋ ಎಂದು ಸುರಿಯುತ್ತಿದ್ದ ಮಳೆಯಲ್ಲಿ ಛತ್ರಿ ಹಿಡಿದು ಬಂದ ಸಿಬ್ಬಂದಿ ಅದನ್ನು ಹಿಡಿದು ನೋಡುತ್ತಿರುವಾಗಲೇ ಹನಿಗಳು ಬಿದ್ದು, ಜೆಲ್ ಪೆನ್ನಿನಿಂದ ತಿದ್ದಿದ್ದ ದಿನಾಂಕದ ನೀಲಿ ಕದಡಿ ಹರಿದು, ಅದರ ಕೆಳಗಿನ ಹಿಂದಿನ ವರ್ಷದ ಜನವರಿಯ ದಿನಾಂಕ ಸ್ಪಷ್ಟವಾಗಿ ಕಾಣಿಸಿತು. ಚೀಟಿ ದಾಂಡೇಲಿಯದಾಗಿತ್ತು. ಭೀಮಗಡದ್ದೂ ಅಲ್ಲ! ಆ ಸಿಬ್ಬಂದಿ ಚಾಲಕನನ್ನು ಬಿಟ್ಟು ನನ್ನತ್ತ ನೋಡಿ, “ಯಜಮಾನ್ರ, ಮಳಿಗಾಲದಾಗ ಒಳಗ ಯಾರ್ನೂ ಬಿಡಂಗಿಲ್ಲ. ನಿಮ್ಮಂಥವರು ಹಿಂಗ ಮಾಡಿದ್ರ ಹೆಂಗ್ರಿ?” ಎಂದರು. ನಿಮ್ಮಂಥವರು! ಚೀಟಿ ತಿದ್ದಿದವನು ನಾನೇ ಎಂದುಕೊಂಡಿದ್ದರು. ಹಿಂದೆ ಕೂತಿದ್ದ ಬೀಗರು ಒಂದು ಮಾತನ್ನೂ ಆಡದೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಅಲ್ಲಿಂದ ಹೊರಳಿ ಚೋರ್ಲಾ ಘಾಟಿನ ರಸ್ತೆಗೆ ಬಂದೆವು. ಆಗಲೇ ಮನೆಗೆ ತಿರುಗಬೇಕಿತ್ತು. ‘ಒಂದು ಜಾಗ ತೋರಿಸುತ್ತೇನೆ’ ಎಂದು ಚಾಲಕ ಹುಲ್ಲಿನ ಇಳಿಜಾರಿನಲ್ಲಿ ಇಳಿಸಿದ; ಹತ್ತು ನಿಮಿಷದಲ್ಲಿ ಬೀಗಿತ್ತಿಯ ಪಾದಕ್ಕೆ ನಾಲ್ಕು ಇಂಬಳ ಅಂಟಿದ್ದವು. ಬೀಗರು ತಮ್ಮ ಎಲೆಅಡಿಕೆಯ ಚೀಲದಿಂದ ಸುಣ್ಣ ತೆಗೆದು ಹಚ್ಚಿದಾಗ ಅವು ಉದುರಿದವಾದರೂ ರಕ್ತ ಬಹಳ ಹೊತ್ತು ನಿಲ್ಲಲಿಲ್ಲ.

ಕಣಕುಂಬಿ ಇನ್ನೂ ಸ್ವಲ್ಪ ದೂರವಿರುವಾಗ ಮಂಜು ಗಾಜಿಗೆ ಬಂದು ಮೆತ್ತಿಕೊಂಡಂತಾಗಿತ್ತು. ಆ ಮಂಜಿನಲ್ಲಿ ಮೊದಲು ಕಂಡದ್ದು ಕಾಲುಗಳು ಮಾತ್ರ: ಬಿಳಿ ಕಾಲುಚೀಲ ತೊಟ್ಟಂಥ, ಮೇಲೆ ಮೈಯೇ ಇಲ್ಲದಂಥ ಎಂಟು ಹತ್ತು ಕಾಲುಗಳು. ಆಮೇಲೆ ಮೈಗಳು ಮೂಡಿದವು. ಕಾಡುಕೋಣಗಳು. ನಡುವೆ ಒಂದು ಕರುವಿತ್ತು. ಸುಮ್ಮನೆ ಎಂಜಿನ್ ಆರಿಸಿ ಕೂತಿದ್ದರೆ ಅವು ತಾವಾಗಿಯೇ ರಸ್ತೆ ದಾಟಿ ಹೋಗುತ್ತಿದ್ದವು. ನಮ್ಮ ಚಾಲಕ ಒಂದು ಕೈಯಲ್ಲಿ ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಾ, ಅವು ತಲೆ ಎತ್ತಲೆಂದು ದೀಪ ಮಿಣುಕಿಸಿ ಹಾರ್ನ್ ಒತ್ತಿದ. ನಾನು ಕೈ ಹಿಡಿದೆ, ಮತ್ತೆ ಒತ್ತಿದ. ಒಂದು ಭಾರಿ ಕೋಣ ಬುಸ್ ಎಂದು ನಮ್ಮ ಪಕ್ಕದಿಂದಲೇ ಹಾಯಿತು. ಎಡಗಡೆಯ ಕನ್ನಡಿ ಮುರಿದು ತಂತಿಗೆ ಜೋತುಬಿತ್ತು. ಬೀಗಿತ್ತಿ ಎಲ್ಲಮ್ಮನನ್ನು ಕೂಗಿದ್ದು ಈಗಲೂ ಕಿವಿಯಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ರಕ್ಷಣೆ ಪಡೆದ ಪ್ರಾಣಿಯನ್ನು ಕೆಣಕಿದ ಕಾರಿನಲ್ಲಿ, ಮುಂದಿನ ಸೀಟಿನಲ್ಲಿ, ನಾನು ಕೂತಿದ್ದೆ.

ಹೆದರಿದ ಚಾಲಕ ಕಣಕುಂಬಿಗೆ ಹೋಗದೆ ಗಾಡಿಯನ್ನು ಬೆಳಗಾವಿಗೆ ತಿರುಗಿಸಿದ. ಐದಾರು ಕಿಲೋಮೀಟರ್ ಮುಂದೆ ಹೋಗಿದ್ದರೆ ಹೊಳೆ ಹುಟ್ಟುವ ಜಾಗ ಸಿಗುತ್ತಿತ್ತು.

ಸಂಜೆ ಫೋನ್ ಮಾಡಿ ಸಫಾರಿಯ ಹಣ ಮರಳಿಸಲು ಕೇಳಿದಾಗ ಸಿಕ್ಕ ಉತ್ತರವನ್ನು ಇದ್ದಂತೆಯೇ ಕೊಡುತ್ತೇನೆ: “ಕಾಡಕ್ವಾಣ ನೋಡಿದ್ರಿಲ್ರಿ? ಅದ ಸಫಾರಿ. ಮಂದಿ ಮೂರ್ಮೂರು ದಿನ ತಿರುಗಿದ್ರೂ ಕಾಣಂಗಿಲ್ಲ, ನಿಮ್ಮ ನಸೀಬ ಚಲೋ ಐತಿ.” ಚೀಟಿಯ ವಿಷಯ ಎತ್ತಿದರೆ, “ಅದು ಆಫೀಸಿನ ಹುಡುಗನ ತಪ್ಪರಿ.” ಕಣಕುಂಬಿ ತೋರಿಸಲಿಲ್ಲವಲ್ಲ ಎಂದರೆ, “ಮಳಿ ನನ್ನ ಕೈಯಾಗ ಐತೇನ್ರಿ?” ಠೇವಣಿಯ ₹2,000 ಕನ್ನಡಿಗೆ ವಜಾ ಆಯಿತು. ಹಾರ್ನ್ ಒತ್ತಿದವನು ಅವನ ಚಾಲಕ, ಕನ್ನಡಿ ಮುರಿದದ್ದು ಕಾಡುಕೋಣ, ದಂಡ ಕಟ್ಟಿದವನು ನಾನು.

ಬಿಳಿ ಬೋರ್ಡಿನ ಗಾಡಿ ಬಾಗಿಲಿಗೆ ಬಂದರೆ ಬೀಗರು ಕೂತಿದ್ದರೂ ಇಳಿಸಿರಿ. ಪರವಾನಗಿ ಮಾಡಿಸಿಕೊಡುತ್ತೇನೆ ಎನ್ನುವವನಿಗೆ ದುಡ್ಡು ಕೊಡದೆ ಅರಣ್ಯ ಇಲಾಖೆಯ ಕಚೇರಿಯನ್ನೇ ನೇರವಾಗಿ ಕೇಳಿರಿ. ಪೂರ್ತಿ ಮುಂಗಡವನ್ನಂತೂ ಕೊಡಲೇಬೇಡಿರಿ.

ರಾತ್ರಿ ಹತ್ತಕ್ಕೆ ವಾಟ್ಸಾಪಿನಲ್ಲಿ ಅವನ ಬಿಲ್ಲು ಬಂತು. ಕೊನೆಯ ಸಾಲಿನಲ್ಲಿ ‘ಪ್ರಾಣಿ ದರ್ಶನ, ₹500, ಬಾಕಿ’ ಎಂದಿದೆ. ಬೀಗರಿಗೆ ಇನ್ನೂ ತೋರಿಸಿಲ್ಲ.