ನೆಲದೊಳಗಿನ ನಾಯಿಬೇಲಿ: ಲ್ಯಾಬ್ರಡಾರ್‌ಗೆ ಸೈ, ಬೀಗಲ್‌ಗೆ ಬೇಡ

ನಾರ್ತ್ ಕ್ಯಾರೊಲಿನಾದ ರಾಲಿ ಕಡೆ ಮನೆ ಮಾಡಿಕೊಂಡ ನಮ್ಮವರು ನಾಯಿ ತಂದ ಕೂಡಲೇ ವಿಚಾರಿಸುವುದು ಬೇಲಿಯ ಬಗ್ಗೆ. ಇಲ್ಲಿನ ಎಷ್ಟೋ ಬಡಾವಣೆಗಳಲ್ಲಿ ಮನೆಯ ಮುಂದುಗಡೆ ಬೇಲಿ ಹಾಕಲು ಎಚ್‌ಒಎ, ಅಂದರೆ ಬಡಾವಣೆಯ ಮನೆಮಾಲೀಕರ ಸಂಘ, ಬಿಡುವುದಿಲ್ಲ. ಹೀಗಾಗಿ ನೆಲದಲ್ಲಿ ಹೂತಿಡುವ ಎಲೆಕ್ಟ್ರಾನಿಕ್ ಬೇಲಿಯ ಮಾತು ಬಂದೇ ಬರುತ್ತದೆ. ನಮ್ಮಲ್ಲಿ ಕೆಲವು ವರ್ಷಗಳಿಂದ ಇದೆ. ತಂತಿ ಒಂದೇ, ನಾಯಿ ಎರಡು, ಫಲಿತಾಂಶವೂ ಎರಡು ಥರ. ಲ್ಯಾಬ್ರಡಾರ್ ಚಿನ್ನುವಿನ ಲೆಕ್ಕದಲ್ಲಿ ಐದಕ್ಕೆ ನಾಲ್ಕೂವರೆ ಕೊಡಬಹುದು. ಬೀಗಲ್ ಗುಂಡನ ಲೆಕ್ಕದಲ್ಲಿ ಒಂದೂವರೆ ಕೊಟ್ಟರೆ ಹೆಚ್ಚು.

ಗ್ಯಾರೇಜಿನ ಗೋಡೆಗೆ ಒಂದು ಟ್ರಾನ್ಸ್‌ಮಿಟರ್ ಕೂರುತ್ತದೆ. ಅದರಿಂದ ಹೊರಟ ತಂತಿ ಅಂಗಳವನ್ನೆಲ್ಲ ಬಳಸಿ ಮತ್ತೆ ಅಲ್ಲಿಗೇ ಬಂದು ಸೇರಬೇಕು. ತಂತಿಯಲ್ಲಿ ಹರಿಯುವುದು ರೇಡಿಯೊ ಸಂಕೇತ ಮಾತ್ರ, ಶಾಕ್ ಕೊಡುವುದು ನಾಯಿಯ ಕುತ್ತಿಗೆಯ ಕಾಲರ್. ಗಡಿ ಹತ್ತಿರವಾದರೆ ಮೊದಲು ಬೀಪ್, ಮುಂದೆ ಹೋದರೆ ಎರಡು ಲೋಹದ ಮೊನೆಗಳಿಂದ ಚುರುಕ್. ರಿಚರ್ಡ್ ಪೆಕ್ ಎಂಬ ಅಮೆರಿಕನ್ 1973ರಲ್ಲಿ ಪೇಟೆಂಟ್ ಪಡೆದದ್ದು ಈ ಉಪಾಯಕ್ಕೇ. ಸಕಲೇಶಪುರದ ಕಡೆ ಆನೆಗೆಂದು ಹಾಕುವ ಸೋಲಾರ್ ಬೇಲಿ ಕಂಡಿದ್ದ ನಮ್ಮಪ್ಪ ಇಲ್ಲಿಗೆ ಬಂದಾಗ ತಂತಿಯ ಮೇಲೆ ಕಾಲಿಟ್ಟು, ಅತ್ತ ದಾಟಿ ಇತ್ತ ದಾಟಿ, "ಇದ್ರಲ್ಲಿ ಕರೆಂಟೇ ಇಲ್ವಲ್ಲೋ" ಅಂದರು. ಕಾಲರ್ ಕೈಯಲ್ಲಿ ಹಿಡಿದು ಇನ್ನೊಮ್ಮೆ ದಾಟಿದವರು ಆಮೇಲೆ ಅದರ ತಂಟೆಗೆ ಹೋಗಲಿಲ್ಲ. ನಾನೂ ಅಂಗೈಗೆ ಹಿಡಿದು ನೋಡಿದ್ದೇನೆ. ಕಡಿಮೆ ಮಟ್ಟದಲ್ಲಿ ಚಳಿಗಾಲದಲ್ಲಿ ಸ್ವೆಟರ್ ಬಿಚ್ಚುವಾಗಿನ ಚಿಟಪಟದಷ್ಟೇ. ಮೇಲಿನ ಮಟ್ಟ ಹಾಗಲ್ಲ, ಕೈ ತಾನಾಗಿ ಹಿಂದಕ್ಕೆ ಬರುತ್ತದೆ.

ಕಂಪನಿಯವರೇ ಬಂದು ಹಾಕಿಕೊಟ್ಟರೆ ಸಾವಿರ ಡಾಲರ್ ಸುಲಭವಾಗಿ ದಾಟುತ್ತದೆ, ಕಿಟ್ ತಂದರೆ ಕೆಲವು ನೂರರಲ್ಲಿ ಮುಗಿಯುತ್ತದೆ. ನಾವು ಕಿಟ್ ತಂದೆವು. ಅಗೆಯುವ ಮೊದಲು ನೆಲದಡಿಯ ಕೇಬಲ್, ಪೈಪು ಗುರುತಿಸಿಕೊಡುವ 811ಕ್ಕೆ ಫೋನ್ ಮಾಡಿ, ಬಿಟ್ಟಿ ಸೇವೆ. ಅವರು ಬಂದು ಹುಲ್ಲಿನ ಮೇಲೆ ಬಣ್ಣದ ಗೆರೆ ಎಳೆದು ಹೋಗುತ್ತಾರೆ: ಕೆಂಪು ವಿದ್ಯುತ್ತು, ಹಳದಿ ಗ್ಯಾಸು, ನೀಲಿ ಕುಡಿಯುವ ನೀರು, ಕಿತ್ತಳೆ ಫೋನು-ಇಂಟರ್‌ನೆಟ್ಟು. ಆ ಗೆರೆಗಳ ಪಕ್ಕದಲ್ಲೇ ಉದ್ದಕ್ಕೆ ನಮ್ಮ ತಂತಿ ಓಡಬಾರದು. ಸಂಕೇತ ಆ ಕೇಬಲ್ ಹಿಡಿದು ಮನೆಯೊಳಕ್ಕೇ ಬಂದು, ಸೋಫಾ ಪಕ್ಕ ಮಲಗಿದ ನಾಯಿಗೂ ಏಟು ಬೀಳಬಹುದು. ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಬೇಕು. ಗ್ಯಾರೇಜಿನಿಂದ ಗಡಿಯವರೆಗಿನ ಎರಡು ಎಳೆಗಳನ್ನು ಹುರಿ ಹಾಕಿದರೆ ಅಲ್ಲಿ ಸಂಕೇತ ಒಂದನ್ನೊಂದು ಅಳಿಸಿಕೊಳ್ಳುತ್ತದೆ, ನಾಯಿ ನಿಶ್ಚಿಂತೆಯಿಂದ ಓಡಾಡಬಹುದು. ಮೂಲೆಗಳನ್ನು ಚೂಪಾಗಿ ಮಡಚದೆ ದುಂಡಗೆ ತಿರುಗಿಸಬೇಕು. ಎರಡು-ಮೂರು ಇಂಚು ಆಳ ಸಾಕು. ಸಾಕು ಅನ್ನುವುದು ಬಾಯಲ್ಲಿ ಸುಲಭ, ಬೇಸಿಗೆಯಲ್ಲಿ ಇಲ್ಲಿನ ಕೆಂಪು ಜೇಡಿ ಗುದ್ದಲಿಗೇ ಸಡ್ಡು ಹೊಡೆಯುತ್ತದೆ. ಮಳೆ ಬಿದ್ದ ಮಾರನೇ ದಿನ ಅಗೆಯಿರಿ.

ತಂತಿ ಹೂತರೆ ಬೇಲಿ ಆಗಲಿಲ್ಲ. ಅದು ನಾಯಿಯ ತಲೆಯಲ್ಲಿ ಕೂರಬೇಕು, ಅದಕ್ಕೆ ವಾರಗಟ್ಟಲೆ ತಾಳ್ಮೆ ಬೇಕು. ಗಡಿಯುದ್ದಕ್ಕೂ ಬಿಳಿ ಬಾವುಟ ನೆಟ್ಟು, ಹಗ್ಗ ಹಿಡಿದು, ಶಾಕ್ ಬಂದ್ ಮಾಡಿ ಬರೀ ಬೀಪ್ ಕೇಳಿಸುವುದು. ಬೀಪ್ ಕೇಳಿ ಹಿಂತಿರುಗಿದರೆ ತಿಂಡಿ, ಬೆನ್ನು ಸವರುವುದು. ಅದು ಪಕ್ಕಾ ಆದಮೇಲೇ ಸಣ್ಣ ಮಟ್ಟದ ಶಾಕ್, ಆಮೇಲೆ ಒಂದು ಬಿಟ್ಟು ಒಂದು ಬಾವುಟ ಕೀಳುವುದು. ಮೊದಲ ದಿನವೇ ಕಾಲರ್ ಕಟ್ಟಿ ಅಟ್ಟಿದವರ ನಾಯಿಗಳು ಅಂಗಳಕ್ಕಿಳಿಯಲೇ ಹೆದರುವುದನ್ನು ನೋಡಿದ್ದೇನೆ. ಚಿನ್ನು ಬಲು ಬೇಗ ಕಲಿತಳು. ಈಗ ಕಾಲರ್ ಬ್ಯಾಟರಿ ಸತ್ತಿದ್ದರೂ ಗಡಿ ದಾಟುವುದಿಲ್ಲ. ಚೆಂಡು ರಸ್ತೆಗೆ ಉರುಳಿದರೆ ಗುಲಾಬಿ ಗಿಡದ ಹತ್ತಿರ ನಿಂತು ನಮ್ಮ ಮುಖ ನೋಡುತ್ತಾಳೆ.

ಗುಂಡನೂ ಪಾಠವೆಲ್ಲ ಕಲಿತ. ಆದರೆ ಸಂಜೆ ಜಿಂಕೆ ಬಂದರೆ ಅವನ ಮೂಗಿನ ಮುಂದೆ ಯಾವ ಪಾಠವೂ ನಿಲ್ಲದು. ಒಮ್ಮೆ ಕುಂಯ್ ಅಂದು ದಾಟಿಬಿಡುತ್ತಾನೆ. ತಮಾಷೆ ಅಲ್ಲದ ಸಂಗತಿ ಮುಂದಿನದು: ಜಿಂಕೆ ಮಾಯವಾದ ಮೇಲೆ ವಾಪಸ್ ಬರಲು ಅದೇ ಶಾಕ್ ದಾಟಬೇಕು. ಓಡುವ ಹುಮ್ಮಸ್ಸಿನಲ್ಲಿ ಸಹಿಸಿದ್ದನ್ನು ಸುಮ್ಮನೆ ನಡೆದು ಬರುವಾಗ ಯಾಕೆ ಸಹಿಸುತ್ತಾನೆ? ಪಕ್ಕದ ಮನೆ ಹುಲ್ಲಿನ ಮೇಲೆ ನಿಂತು ಊಳಿಡುತ್ತಾನೆ. ಗ್ರಾಹಕ ಸೇವೆಯವರು ಮಟ್ಟ ಏರಿಸಿ ಅಂದರು. ನಾನು ಏರಿಸಲಿಲ್ಲ. ವಾಸನೆ ಹಿಡಿದು ಬೆನ್ನಟ್ಟಲೆಂದೇ ತಲೆಮಾರುಗಳಿಂದ ಬೆಳೆಸಿದ ಜಾತಿಯನ್ನು ನೋವು ಕೊಟ್ಟು ತಡೆಯಲು ಹೊರಟರೆ ಅದಕ್ಕೆ ಕೊನೆಯಿಲ್ಲ. ಬ್ರಿಟನ್ನಿನ ವೇಲ್ಸ್‌ನಲ್ಲಿ ಶಾಕ್ ಕಾಲರ್‌ಗಳನ್ನು 2010ರಲ್ಲೇ ನಿಷೇಧಿಸಿದ್ದಾರೆ. ಗುಂಡನನ್ನು ನೋಡಿದ ಮೇಲೆ ಅವರ ವಾದ ನನಗೆ ಅತಿ ಅನ್ನಿಸುವುದಿಲ್ಲ. ಎಚ್‌ಒಎ ಒಪ್ಪಿಗೆ ಪಡೆದು ಹಿತ್ತಿಲಿಗೆ ಕಪ್ಪು ಅಲ್ಯುಮಿನಿಯಂ ಬೇಲಿ ಹಾಕಿಸಿದೆವು. ಗುಂಡ ಈಗ ಅಲ್ಲಿ, ಕಾಲರ್ ಇಲ್ಲದೆ.

ಈ ಬೇಲಿ ಒಳಗಿನದನ್ನು ತಡೆದೀತು, ಹೊರಗಿನದನ್ನಲ್ಲ. ಈ ರಾಜ್ಯದ ನೂರೂ ಕೌಂಟಿಗಳಲ್ಲಿ ಕಯೋಟಿ ಎಂಬ ಸಣ್ಣ ತೋಳದಂಥ ಕಾಡುಪ್ರಾಣಿಗಳಿವೆ, ಬೇರೆಯವರ ನಾಯಿಗಳೂ ನುಗ್ಗುತ್ತವೆ. ಹಾಗಾಗಿ ಚಿನ್ನು ಹೊರಗಿದ್ದರೆ ಮನೆಯವರೊಬ್ಬರು ಹೊರಗಿರುತ್ತೇವೆ. ರಾತ್ರಿ ಕಾಲರ್ ಬಿಚ್ಚುವುದೂ ಮರೆಯಬೇಡಿ. ದಿನಕ್ಕೆ 12 ಗಂಟೆಗಿಂತ ಹೆಚ್ಚು ಕಟ್ಟಿದ್ದರೆ ಮೊನೆ ಒತ್ತಿದ ಜಾಗ ಹುಣ್ಣಾಗುತ್ತದೆ. ಕೂದಲು ಸರಿಸಿ ನೋಡಿದರೆ ಎರಡು ಕೆಂಪು ಚುಕ್ಕೆ ಕಂಡಾವು, ಕಂಡರೆ ಕೆಲವು ದಿನ ಕಾಲರ್ ಬೇಡ.

ನಿರ್ವಹಣೆಯಲ್ಲಿ ತಲೆನೋವು ಒಂದೇ, ತಂತಿ ತುಂಡಾಗುವುದು. ಶರತ್ಕಾಲದಲ್ಲಿ ಹುಲ್ಲಿಗೆ ಗಾಳಿಯಾಡಿಸಲು ಬರುವ ಏರೇಟರ್ ಯಂತ್ರವೇ ಇದರ ಶತ್ರು. ಟ್ರಾನ್ಸ್‌ಮಿಟರ್ ಕಿರುಚತೊಡಗುತ್ತದೆ, ತುಂಡು ಎಲ್ಲಿ ಎಂದು ಮಾತ್ರ ಹೇಳುವುದಿಲ್ಲ. ಹೂಪಾತಿಯ ಅಂಚು ಮತ್ತು ಡ್ರೈವ್‌ವೇ ಪಕ್ಕ ಮೊದಲು ಹುಡುಕಿ, ಜೆಲ್ ತುಂಬಿದ ಜಲನಿರೋಧಕ ಜಾಯಿಂಟ್ ಹಾಕಿ. ಬರೀ ಟೇಪ್ ಸುತ್ತಿದರೆ ಒಂದು ಮಳೆಗಾಲಕ್ಕೆ ಬರುವುದಿಲ್ಲ.

ಇನ್ನೊಂದು, ಪಾರ್ಸೆಲ್ ತರುವವರಿಗೆ ಬೇಲಿ ಕಾಣುವುದಿಲ್ಲ, ಓಡಿ ಬರುವ ಎಪ್ಪತ್ತು ಪೌಂಡಿನ ನಾಯಿ ಕಾಣುತ್ತದೆ. ಕಿಟ್ ಜೊತೆ ಬರುವ ಪುಟ್ಟ ಫಲಕ ಸಾಲದು, ರಸ್ತೆಯಿಂದ ಓದುವಂಥ ದೊಡ್ಡದು ಹಾಕಿ.