ಕ್ಯಾಶ್ ಬಾಕ್ಸ್ ಪತ್ರಿಕೆಯ ಹಳೆಯ ಸಂಚಿಕೆಗಳು: ಹಲವು ವರ್ಷ ಓದಿದವನ ಅನಿಸಿಕೆ

ಕಾಸು ಹಾಕಿದರೆ ಓಡುವ ಯಂತ್ರಗಳನ್ನು ಕೂಡಿಡುವ ಹುಚ್ಚು ಬೆಂಗಳೂರಿನಲ್ಲಿ ಜಾಸ್ತಿ ಜನಕ್ಕಿಲ್ಲ. ಇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಇಂಥ ಯಂತ್ರ ಇಟ್ಟು ದುಡಿಯುವವರಿಗೆಂದು ಅಮೆರಿಕದಲ್ಲಿ ಬರುತ್ತಿದ್ದ 'ಕ್ಯಾಶ್ ಬಾಕ್ಸ್' ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಓದಿ. ಸ್ಕ್ಯಾನ್ ಮಾಡಿದ ಪ್ರತಿಗಳು ಇಂಟರ್‌ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ಪತ್ರಿಕೆ ಶುರುವಾಗಿದ್ದು 1942ರಲ್ಲಿ, ಯುದ್ಧದ ನಡುವೆ. ಅದೇ ವರ್ಷ ಅಲ್ಲಿನ ಸರ್ಕಾರ ಹೊಸ ಜ್ಯೂಕ್‌ಬಾಕ್ಸ್ (ಕಾಸು ಹಾಕಿದರೆ ಬೇಕಾದ ಹಾಡು ನುಡಿಸುವ ಯಂತ್ರ) ತಯಾರಿಕೆ ನಿಲ್ಲಿಸಿತ್ತು. ಬಾರು, ಹೋಟೆಲುಗಳಲ್ಲಿ ಯಂತ್ರ ಇಟ್ಟು ದುಡಿಯುವವರು ಇದ್ದದ್ದನ್ನೇ ರಿಪೇರಿ ಮಾಡಿ ಓಡಿಸಬೇಕಿತ್ತು. ಅವರಿಗೆಂದು ಬಂದ ಹಳೆಯ ಯಂತ್ರಗಳ ದರಪಟ್ಟಿಗಳು ಇವತ್ತು ನಮ್ಮಂಥವರಿಗೆ ಚಿನ್ನ. ಯಾವ ಮಾದರಿ ಇತ್ತು, ಎಷ್ಟಕ್ಕೆ ಹೋಗುತ್ತಿತ್ತು, ಎಲ್ಲ ಅಲ್ಲಿದೆ.

ನನಗೆ ಲೇಖನಗಳಿಗಿಂತ ಜಾಹೀರಾತೇ ಇಷ್ಟ. 1947ರಲ್ಲಿ ಗಾಟ್ಲೀಬ್ ಕಂಪನಿಯ 'ಹಂಪ್ಟಿ ಡಂಪ್ಟಿ' ಪಿನ್‌ಬಾಲ್ ಬಂತು. ಪಿನ್‌ಬಾಲ್ ಅಂದರೆ ಇಳಿಜಾರು ಮೇಜಿನ ಮೇಲೆ ಚೆಂಡು ಬಿಟ್ಟು ಆಡುವ ಯಂತ್ರ. ಹಂಪ್ಟಿ ಡಂಪ್ಟಿಯಲ್ಲಿ ಆರು ಫ್ಲಿಪ್ಪರ್, ಅಂದರೆ ಗುಂಡಿ ಒತ್ತಿದರೆ ಚೆಂಡನ್ನು ಹೊಡೆಯುವ ಪುಟ್ಟ ಕೈಗಳು. ಅದಕ್ಕೆ ಮುಂಚೆ ಚೆಂಡು ಬಿಟ್ಟ ಮೇಲೆ ಮೇಜು ಅಲ್ಲಾಡಿಸುವುದು ಬಿಟ್ಟರೆ ಆಡುವವನ ಕೈಯಲ್ಲಿ ಏನೂ ಇರಲಿಲ್ಲ. ಆಟವೇ ಬದಲಾದ ಆ ಹೊತ್ತನ್ನು ಅಂದಿನ ಪುಟಗಳಲ್ಲೇ ನೋಡಬಹುದು, ಎಂಥ ಖುಷಿ ಅಲ್ವಾ?

ಮುಂದೆ ಸಂಗೀತದ ಸುದ್ದಿಯೇ ಪತ್ರಿಕೆಯನ್ನು ತುಂಬಿಕೊಂಡಿತು. 1974ರಲ್ಲಿ 'ಪ್ಲೇ ಮೀಟರ್', 1975ರಲ್ಲಿ 'ರೀಪ್ಲೇ' ಪತ್ರಿಕೆಗಳು ಯಂತ್ರಗಳಿಗೇ ಮೀಸಲಾಗಿ ಬಂದವು. ಕ್ಯಾಶ್ ಬಾಕ್ಸ್ 1996ರಲ್ಲಿ ನಿಂತಿತು. ವಿಡಿಯೋ ಗೇಮ್ ಬೇಕೆನ್ನುವವರು ನೇರ ಪ್ಲೇ ಮೀಟರ್‌ನ ಹಳೆಯ ಸಂಚಿಕೆಗಳಿಗೆ ಹೋಗಲಿ.

ಒಂದು ಕೊರತೆ ಹೇಳಲೇಬೇಕು. ಇದು ಅಮೆರಿಕದವರಿಗಾಗಿ ಬರೆದದ್ದು, ನಮ್ಮ ಕರೆಂಟಿನ ಪಾಡು ಅದರಲ್ಲಿಲ್ಲ. ಎಸ್.ಪಿ. ರೋಡಿನಿಂದ ಟ್ರಾನ್ಸ್‌ಫಾರ್ಮರ್ ತಂದು 230 ವೋಲ್ಟನ್ನು 110ಕ್ಕೆ ಇಳಿಸಬಹುದು. ಆದರೆ ಅವರ ಕರೆಂಟಿನ ಆವರ್ತನ (ಸೆಕೆಂಡಿಗೆ ಎಷ್ಟು ಸಲ ಆವರ್ತಿಸುತ್ತದೆ ಎಂಬ ಲೆಕ್ಕ) 60 ಹರ್ಟ್ಸ್, ನಮ್ಮದು 50. ಟ್ರಾನ್ಸ್‌ಫಾರ್ಮರ್‌ಗೆ ಅದನ್ನು ಬದಲಿಸಲು ಆಗುವುದಿಲ್ಲ. ಜ್ಯೂಕ್‌ಬಾಕ್ಸಿನ ಎಸಿ ಮೋಟರು ನಿಧಾನವಾಗುತ್ತದೆ. ನಿಮಿಷಕ್ಕೆ 45 ಸುತ್ತಬೇಕಾದ ರೆಕಾರ್ಡು ಸುಮಾರು 37 ಸುತ್ತುತ್ತದೆ. ಪಿ.ಬಿ. ಶ್ರೀನಿವಾಸ್ ಹಾಡು ಹಾಕಿದರೆ ಅವರ ದನಿಯೇ ಗುರುತು ಸಿಗುವುದಿಲ್ಲ. ಮೋಟರಿನ ರಾಟೆಯನ್ನು 50 ಹರ್ಟ್ಸ್‌ಗೆ ಹೊಂದುವ ಅಳತೆಗೆ ಬದಲಿಸಬೇಕು. ಇಂಥದ್ದಕ್ಕೆ ತಯಾರಕರ ಸರ್ವಿಸ್ ಮ್ಯಾನುಯಲ್ ಪಕ್ಕದಲ್ಲಿರಲಿ.

ಆರ್ಕೈವ್‌ನ ಹುಡುಕು ಸೌಲಭ್ಯವನ್ನೂ ಪೂರ್ತಿ ನಂಬಬೇಡಿ. ಸಣ್ಣ ಅಕ್ಷರದ ಜಾಹೀರಾತುಗಳನ್ನು ಅದು ತಪ್ಪಾಗಿ ಓದುತ್ತದೆ, ಪುಟ ತಿರುವಿಯೇ ನೋಡಬೇಕು. ಆದರೂ ನನ್ನ ಕಡೆಯಿಂದ ಐದಕ್ಕೆ ನಾಲ್ಕೂವರೆ. ಶುರು ಮಾಡುವುದಾದರೆ 1946ರಿಂದ 1950ರವರೆಗಿನ ಸಂಚಿಕೆಗಳನ್ನು ತೆಗೆಯಿರಿ. ಫೋನಿನಲ್ಲಿ ಬೇಡ, ದೊಡ್ಡ ಪರದೆಯಲ್ಲಿ ಓದಿ.