ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ಕಾಪಿ ಮಾಡಿಸಿಕೊಂಡ ಕಥೆ

ಲ್ಯಾಪ್‌ಟಾಪ್ ಆನ್ ಮಾಡಿ, ಹಾಲು ಕಾಯಿಸಿ, ಕಾಫಿ ಬೆರೆಸಿಕೊಂಡು ಬಂದರೂ ವಿಂಡೋಸ್ ಇನ್ನೂ ಚಕ್ರ ತಿರುಗಿಸುತ್ತಲೇ ಇರುತ್ತಿತ್ತು. ‘ಎಸ್‌ಎಸ್‌ಡಿ ಹಾಕಿಸು ಮಾರಾಯ, ಹೊಸದರ ಹಾಗೆ ಓಡುತ್ತೆ’ ಅಂತ ಆಫೀಸಿನಲ್ಲಿ ಎಲ್ಲರದೂ ಒಂದೇ ಮಾತು. ಮಾತು ಸುಳ್ಳಲ್ಲ; ಎಸ್‌ಎಸ್‌ಡಿ ಅಂದರೆ ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲೇ ಎಲ್ಲ ಉಳಿಸುವ, ಹಾರ್ಡ್ ಡಿಸ್ಕಿಗಿಂತ ಎಷ್ಟೋ ವೇಗದ ಡಿಸ್ಕ್. ಹಾಗಂತ ಒಂದು ಶನಿವಾರ ಡೊಂಬಿವಲಿಯಿಂದ ಹೊರಟು, ದಾದರ್‌ನಲ್ಲಿ ಗಾಡಿ ಬದಲಾಯಿಸಿ, ಗ್ರ್ಯಾಂಟ್ ರೋಡ್‌ನಲ್ಲಿಳಿದು ಮುಂಬಯಿಯ ಕಂಪ್ಯೂಟರ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಬೋರ್ಡಿನ ಮೇಲೆ ಭಡಕಮ್ಕರ್ ಮಾರ್ಗ ಅಂತ ಇದ್ದರೂ ಹಾಗೆ ಕರೆದವರನ್ನು ನಾನಂತೂ ಕಂಡಿಲ್ಲ.

ಹಳೆಯ ಹಾರ್ಡ್ ಡಿಸ್ಕ್ 500 ಜಿಬಿ. ಅಷ್ಟೇ ಸಾಕು ಅಂತ ಕೊಂಡ ಎಸ್‌ಎಸ್‌ಡಿಯೂ 500 ಜಿಬಿ, ಎರಡೂ ಎರಡೂವರೆ ಇಂಚಿನವು. ನನ್ನ ಗ್ರಹಚಾರ ಶುರುವಾದದ್ದೇ ಇಲ್ಲಿ. ವಿಂಡೋಸ್ ಸಮೇತ ಎಲ್ಲವೂ ಇದ್ದ ಹಾಗೇ ಹೊಸದಕ್ಕೆ ಬರಬೇಕು ಅಂದೆ. ಅಂಗಡಿಯ ಹುಡುಗ ಒಂದು ಡಾಕ್ ತೆಗೆದ. ಬ್ರೆಡ್ ಟೋಸ್ಟರಿನ ಹಾಗೆ ಮೇಲೆ ಎರಡು ಸೀಳು, ಪಕ್ಕದಲ್ಲಿ ನಾಲ್ಕು ಪುಟ್ಟ ದೀಪ, ಒಂದು ಬಟನ್. ಕಂಪ್ಯೂಟರೇ ಬೇಡ, ಒಂದು ಸೀಳಿನಲ್ಲಿ ಮೂಲ, ಇನ್ನೊಂದರಲ್ಲಿ ನಕಲು, ಬಟನ್ ಒತ್ತಿದರೆ ಮುಗಿಯಿತು. ಯಾವ ಸೀಳು ಯಾವುದಕ್ಕೆ ಅಂತ ಬರೆದಿದ್ದ ಅಕ್ಷರ ಬೆರಳು ತಾಗಿ ತಾಗಿ ಅಳಿಸಿಹೋಗಿತ್ತು. ‘ಬ್ಯಾಕಪ್ ಬೇಡವೇ?’ ಅಂತ ಕೇಳಿದೆ. ‘ಕ್ಲೋನ್ ಹೀ ತೋ ಬ್ಯಾಕಪ್ ಹೈ, ಸಾಬ್’ ಅಂದ. ಇಡೀ ಡಿಸ್ಕಿನ ಈ ನಕಲೇ ಬ್ಯಾಕಪ್ ಅಂತ ಅವನ ಅರ್ಥ. ತಲೆಯಾಡಿಸಿ ಚಹಾಕ್ಕೆ ಹೋದೆ.

ಅರ್ಧ ಗಂಟೆ ಬಿಟ್ಟು ಬಂದಾಗ ಮೊದಲ ದೀಪ ಗಟ್ಟಿಯಾಗಿ ಉರಿಯುತ್ತಿತ್ತು, ಅಂದರೆ ಕಾಲು ಭಾಗ ಮುಗಿದಿದೆ. ಡಾಕಿನ ಖಾಲಿ ಡಬ್ಬ ಅಲ್ಲೇ ಕೌಂಟರಿನ ಮೇಲಿತ್ತು. ಸುಮ್ಮನೆ ಅದರ ಮೇಲಿನ ಚಿತ್ರ ನೋಡಿದೆ. ಟಾರ್ಗೆಟ್, ಅಂದರೆ ನಕಲು ಬಂದು ಬೀಳುವ ಜಾಗ, ಅಂತ ತೋರಿಸಿದ್ದ ಸೀಳಿನಲ್ಲಿ ನನ್ನ ಹಳೆಯ ಡಿಸ್ಕ್ ಕೂತಿತ್ತು.

ಪ್ಲಗ್ ಕಿತ್ತೆ. ತಡವಾಗಿತ್ತು. ಈ ಡಾಕಿಗೆ ಫೈಲು, ಫೋಲ್ಡರು ಒಂದೂ ಗೊತ್ತಿಲ್ಲ. ಮೊದಲ ಸೆಕ್ಟರ್‌ನಿಂದ, ಅಂದರೆ ಡಿಸ್ಕಿನ ಮೊದಲ ಪುಟ್ಟ ಖಾನೆಯಿಂದ, ಕೊನೆಯದರವರೆಗೆ ಕಣ್ಣುಮುಚ್ಚಿ ನಕಲು ಮಾಡುತ್ತದೆ. ನಕಲಿನ ಡಿಸ್ಕ್ ಚಿಕ್ಕದಿದ್ದರೆ ಮಾತ್ರ ತಕರಾರು. ನಾನು 1 ಟಿಬಿಯ ಎಸ್‌ಎಸ್‌ಡಿ ಕೊಂಡಿದ್ದರೆ, ಅದನ್ನು 500ರ ಮೇಲೆ ಇಳಿಸಲಾರದೆ ಡಾಕೇ ನಿಲ್ಲುತ್ತಿತ್ತು. ದುಡ್ಡು ಉಳಿಸಿದ ಜಾಣ ನಾನು!

ವಿಂಡೋಸ್ ಹೋದದ್ದಕ್ಕೆ ದುಃಖವಿಲ್ಲ. ಹೊಸದಾಗಿ ಹಾಕಿಕೊಂಡೆ, ಲೈಸೆನ್ಸ್ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ನೆಟ್ ಸಿಕ್ಕಿದೊಡನೆ ತಾನೇ ಆಕ್ಟಿವೇಟ್ ಆಯಿತು. ಹೊಟ್ಟೆ ಉರಿಯುವುದು ಉಳಿದದ್ದಕ್ಕೆ. ಇಡೀ ಡಿಸ್ಕಿಗೆ ಒಂದೇ ಸಿ ಡ್ರೈವ್ ಇತ್ತು. ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿ ಸಾಮಾನ್ಯವಾಗಿ ಮುಂಭಾಗದಲ್ಲೇ ಇರುತ್ತದೆ, ಮೊದಲು ಅಳಿದದ್ದೇ ಅದು. ಫೋಟೋರೆಕ್ ಎಂಬ ಉಚಿತ ತಂತ್ರಾಂಶದಿಂದ ಹಿಂದಿನ ಮುಕ್ಕಾಲು ಭಾಗವನ್ನು ಕೆದಕಿದೆ. ಸಾವಿರಾರು ಫೈಲು ಸಿಕ್ಕವು, ಒಂದಕ್ಕೂ ಹೆಸರಿಲ್ಲ. ‘ಎಫ್’ ಅಕ್ಷರ, ಮುಂದೆ ಉದ್ದಕ್ಕೆ ಅಂಕಿ.

ಫೋಟೋಗಳನ್ನಾದರೂ ನೋಡಿ ಗುರುತಿಸಬಹುದು. ನಮ್ಮ ಸಂಘದ ಹತ್ತು ವರ್ಷದ ಸಭೆಗಳ ವರದಿಗಳೆಲ್ಲ ಹಳೆಯ ನುಡಿ ಫಾಂಟಿನಲ್ಲಿದ್ದವು, ಯೂನಿಕೋಡ್ ಅಲ್ಲ. ‘ವಾರ್ಷಿಕ’ ಅಂತ ಹುಡುಕಿದರೆ ಏನೂ ಸಿಗದು; ಕಂಪ್ಯೂಟರಿನ ಲೆಕ್ಕದಲ್ಲಿ ಅದು ಕನ್ನಡವೇ ಅಲ್ಲ, ಕನ್ನಡದ ವೇಷ ತೊಟ್ಟ ಬೇರೆ ಅಕ್ಷರಗಳು. ಒಂದೊಂದನ್ನೂ ತೆರೆದೇ ನೋಡಬೇಕು.

ನೀವೂ ಎಸ್‌ಎಸ್‌ಡಿ ಹಾಕಿಸಲು ಹೊರಟಿದ್ದರೆ ಮೊದಲು ಬೇಕಾದ ಫೈಲುಗಳನ್ನು ಇನ್ನೊಂದು ಡ್ರೈವಿಗೆ ಹಾಕಿ, ಅದನ್ನು ಮನೆಯಲ್ಲೇ ಬಿಟ್ಟು ಹೋಗಿ. ಕ್ಲೋನ್ ಮಾಡುವಾಗ ಜೀವ ಹೋಗುವ ಭಯ ಹಳೆಯ ಡಿಸ್ಕಿಗೇ ಹೊರತು ಹೊಸದಕ್ಕಲ್ಲ. ತಂತ್ರಾಂಶದಲ್ಲಿ ಮಾಡಿದರೂ ಅಷ್ಟೇ: 500 ಜಿಬಿಯ ಎರಡೂ ವಿಂಡೋಸಿನ ಲೆಕ್ಕದಲ್ಲಿ 465 ಜಿಬಿ ಅಂತ ತೋರಿಸುತ್ತವೆ, ಗಾತ್ರ ನಂಬದೆ ಮಾಡೆಲ್ ನಂಬರ್ ಓದಿ. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಇದ್ದರೆ 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಬಟನ್ ಒತ್ತುವವರೆಗೆ ಚಹಾಕ್ಕೆ ಹೋಗಬೇಡಿ.

ಹುಡುಗ ಕ್ಲೋನಿನ ದುಡ್ಡು ತೆಗೆದುಕೊಳ್ಳಲಿಲ್ಲ. ಫೋಟೋರೆಕ್ ಮಾಡಿಟ್ಟ ನಲವತ್ತೊಂಬತ್ತು ಫೋಲ್ಡರುಗಳಲ್ಲಿ ನಾನೀಗ ಹನ್ನೊಂದನೆಯದರಲ್ಲಿದ್ದೇನೆ.